ಗುಡ್ಡದ ಗಾಡಿ: ಬಾಡಿಗೆ ನಮ್ಮದು, ಹೊಣೆ ಯಾರದು?

ಬೇಸಗೆ ರಜೆ ಸಿಕ್ಕೊಡನೆ ನಮ್ಮ ಜಿಲ್ಲೆಯ ಅನೇಕ ಕುಟುಂಬಗಳು ಸುಳ್ಯದ ದಾರಿಯಾಗಿ ಮಡಿಕೇರಿಗೋ ಅಥವಾ ವಯನಾಡಿಗೋ ಹೊರಡುವುದು ವಾಡಿಕೆ. ಹಿಂದೆ ಅಬ್ಬಿ ಜಲಪಾತ, ರಾಜಾಸೀಟು ನೋಡಿ ಎರಡು ಸೀಸೆ ಜೇನು ಕೊಂಡು ಬಂದರೆ ಪ್ರವಾಸ ಮುಗಿಯುತ್ತಿತ್ತು. ಈಗ ಮಕ್ಕಳ ಹಟವೇ ಬೇರೆ. ದಪ್ಪ ಟಯರುಗಳ, ಮೋಟಾರು ಸೈಕಲಿನಂತಹ ಹಿಡಿಯುಳ್ಳ 'ಎ.ಟಿ.ವಿ.' ಎಂಬ ನಾಲ್ಕು ಚಕ್ರದ ಗಾಡಿಯನ್ನು ಮಣ್ಣಿನ ಹಾದಿಯಲ್ಲಿ ಓಡಿಸಲು ಬಾಡಿಗೆಗೆ ಕೊಡುವ ತಾಣಗಳು ಘಟ್ಟದ ಊರುಗಳಲ್ಲಿ ಹುಟ್ಟಿಕೊಂಡಿವೆ.

'ಲೈಸೆನ್ಸ್ ಬೇಡ, ನಾಲ್ಕು ಚಕ್ರವಿರುವುದರಿಂದ ಬೀಳುವ ಭಯವೂ ಇಲ್ಲ' ಎಂಬುದು ತಂದೆ ತಾಯಂದಿರ ಸಾಮಾನ್ಯ ನಂಬಿಕೆ. ಇದರಲ್ಲಿ ಎರಡನೆಯ ಮಾತು ಸುಳ್ಳು. ಮೊದಲನೆಯದು ಎಷ್ಟರಮಟ್ಟಿಗೆ ನಿಜವೋ ಅಷ್ಟರಮಟ್ಟಿಗೆ ಚಿಂತೆಗೆ ಕಾರಣ.

ಈ ಗಾಡಿಯ ಮೈ ಎತ್ತರ, ಅಗಲ ಕಡಿಮೆ. ಅನೇಕ ಮಾದರಿಗಳಲ್ಲಿ ಹಿಂದಿನ ಎರಡು ಚಕ್ರಗಳೂ ಒಂದೇ ಅಚ್ಚಿಗೆ ಬಿಗಿದಿರುವುದರಿಂದ ತಿರುವಿನಲ್ಲಿ ಸವಾರನೇ ಮೈಭಾರವನ್ನು ಅತ್ತಿತ್ತ ಹೊರಳಿಸಬೇಕು. ಸೀಟು ಉದ್ದವಾಗಿರುವುದು ಅದಕ್ಕಾಗಿಯೇ ಹೊರತು ಮಗುವನ್ನು ಜತೆಗೆ ಕೂರಿಸಲಿಕ್ಕಲ್ಲ. ಆದರೆ ನಾವು ಕೂರಿಸುವುದು ಅಲ್ಲಿಯೇ! ದೊಡ್ಡವರ ಗಾಡಿ ಇನ್ನೂರು ಕಿಲೋ ಮೀರುವುದುಂಟು. ಮಗುಚಿದರೆ ಸವಾರನ ಮೇಲೆಯೇ ಬೀಳಬಹುದು.

ಅಮೆರಿಕ ಈ ಪಾಠವನ್ನು ಬೆಲೆ ತೆತ್ತು ಕಲಿಯಿತು. 1970ರಲ್ಲಿ ಹೋಂಡಾ ಕಂಪೆನಿ ಅಲ್ಲಿ ಮಾರಾಟಕ್ಕಿಳಿಸಿದ ಮೂರು ಚಕ್ರದ ಗಾಡಿಗಳು ಮನೆಮಾತಾದವು. ಮಗುಚಿ ಸತ್ತವರಲ್ಲಿ ಮಕ್ಕಳೂ ಅನೇಕರಿದ್ದರು. ಸರಕಾರ ನ್ಯಾಯಾಲಯದ ಮೆಟ್ಟಿಲೇರಿದ ಮೇಲೆ, 1988ರ ಒಪ್ಪಂದದಂತೆ ಕಂಪೆನಿಗಳು ಮೂರು ಚಕ್ರದವುಗಳ ಮಾರಾಟ ನಿಲ್ಲಿಸಿದವು. ನಾಲ್ಕು ಚಕ್ರದವುಗಳನ್ನೂ ಹದಿನಾರು ತುಂಬದವರು ಏರಕೂಡದೆಂದು ಅಲ್ಲಿನ ಮಕ್ಕಳ ವೈದ್ಯರ ಸಂಘ ಇಂದಿಗೂ ಹೇಳುತ್ತಿದೆ.

ಇನ್ನು ನಮ್ಮ ಕಾನೂನು. 1988ರ ಮೋಟಾರು ವಾಹನ ಕಾಯಿದೆಯ ವಯೋಮಿತಿಯಾಗಲಿ, 146ನೇ ಕಲಮಿನ ಕಡ್ಡಾಯ ವಿಮೆಯಾಗಲಿ ಸಾರ್ವಜನಿಕ ಸ್ಥಳಗಳನ್ನು ಕುರಿತಾದವು. ಆವರಣದೊಳಗೆ ಮಾತ್ರ ಬಳಸುವ ವಿಶೇಷ ವಾಹನಗಳನ್ನು ಅದು ಮೋಟಾರು ವಾಹನವೆಂದೇ ಎಣಿಸುವುದಿಲ್ಲ. ರಸ್ತೆಯಲ್ಲಿ ಬಸ್ಸು ತಾಗಿದರೆ ವಿಮಾ ಕಂಪೆನಿಯನ್ನು ಕೇಳಬಹುದು. ಬೇಲಿಯೊಳಗೆ ಮಗುವಿನ ಕಾಲು ಮುರಿದರೆ ಕೇಳುವುದು ಯಾರನ್ನು?

ಕೌಂಟರಿನಲ್ಲಿ ಸಹಿ ಹಾಕಿಸಿಕೊಳ್ಳುವ ಸಣ್ಣಕ್ಷರದ ಇಂಗ್ಲಿಷ್ ಕಾಗದ 'ನಾವಲ್ಲ' ಎನ್ನುತ್ತದೆ. ನಮ್ಮ ಮನೆಯ ಹಿರಿಯರು ಅದನ್ನು ಓದುವಂತಿಲ್ಲ, ಓದಬಲ್ಲ ಹುಡುಗರಿಗೆ ವ್ಯವಧಾನವಿಲ್ಲ. ಆದರೂ ಅಂತಹ ಸಹಿಯೊಂದರಿಂದಲೇ ಗ್ರಾಹಕನ ಹಕ್ಕು ಅಳಿದುಹೋಗುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ, ಸೇವೆಯಲ್ಲಿ ಲೋಪವಾಗಿದ್ದರೆ ಎರಡು ವರ್ಷದೊಳಗೆ ನಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಮಡಿಕೇರಿಯಲ್ಲಿ ಬಿದ್ದವರು ಕಾಸರಗೋಡಿನಲ್ಲಿ ದಾವೆ ಹೂಡಬಹುದೆಂದರ್ಥ. ಆದರೆ ಹಣ ಕೊಟ್ಟದ್ದಕ್ಕೆ ರುಜುವಾತು ಬೇಕು.

ಆದುದರಿಂದ ಪ್ರವಾಸದ ಲೆಕ್ಕ ಹಾಕುವಾಗಲೇ, ಮುಂಗಡ ಕಳುಹಿಸುವ ಮುನ್ನ, ತಾಣದವರಿಗೆ ಫೋನು ಮಾಡಿ ಅಪಘಾತ ವಿಮೆ ಇದೆಯೇ, ಮಕ್ಕಳ ತಲೆಗೆ ಹೊಂದುವ ಹೆಲ್ಮೆಟ್ ಇದೆಯೇ, ಹತ್ತಿರದ ಆಸ್ಪತ್ರೆ ಎಷ್ಟು ದೂರ ಎಂದು ವಿಚಾರಿಸತಕ್ಕದ್ದು. 'ಎಷ್ಟು ವಯಸ್ಸಿನವರಿಗೆ ಕೊಡುತ್ತೀರಿ?' ಎಂಬ ಪ್ರಶ್ನೆಗೆ 'ಯಾರಿಗೂ ಆಗುತ್ತದೆ' ಎಂಬ ಉತ್ತರ ಬಂದರೆ ಆ ತಾಣವನ್ನು ಪಟ್ಟಿಯಿಂದ ಕೈಬಿಡುವುದೇ ಲೇಸು. ಹಣ ಕೊಟ್ಟ ಮೇಲೆ ರಸೀದಿಯನ್ನು ಮನೆಗೆ ತಲಪುವ ತನಕ ಜೋಪಾನವಾಗಿಡಿ. ಮಕ್ಕಳು ಅಂದು ಮುನಿಸಿಕೊಂಡಾರು. ರಾಜಾಸೀಟಿನ ಸಂಜೆಯ ಮಂಜಿಗೆ ಇನ್ನೂ ವಯೋಮಿತಿ ಬಂದಿಲ್ಲ.