ವೇಸರ: ಹೇಸರಗತ್ತೆಯೋ, ವೃತ್ತವೋ?

ಹೆಣ್ಣು ಕುದುರೆಗೂ ಗಂಡು ಕತ್ತೆಗೂ ಹುಟ್ಟಿದ ಪ್ರಾಣಿ ಹೇಸರಗತ್ತೆ. ಸಂಸ್ಕೃತದಲ್ಲಿ ಅದು ಅಶ್ವತರ, ವೇಸರ. ಕನ್ನಡದ ‘ಹೇಸರ’ ಈ ವೇಸರದ ತದ್ಭವ. ‘ಕತ್ತೆ’ಯಾದರೋ ದ್ರಾವಿಡದ್ದು, ತಮಿಳಿನ ಕಳುದೈ, ತೆಲುಗಿನ ಗಾಡಿದ ಅದರ ದಾಯಾದಿಗಳು. ಹೀಗೆ ಆ ಪ್ರಾಣಿಯಂತೆ ಅದರ ಹೆಸರೂ ಎರಡು ಕುಲಗಳ ಕೂಡಿಕೆ.

ಈ ಅರ್ಥವನ್ನು ದೇವಾಲಯಗಳಿಗೆ ಹೊರಿಸಿದುದು ಮಾತ್ರ ವಿಚಾರಾರ್ಹ. ಕಲ್ಯಾಣದ ಚಾಲುಕ್ಯರ ಗುಡಿಗಳಲ್ಲಿ ಉತ್ತರದ ನಾಗರವೂ ದಕ್ಷಿಣದ ದ್ರಾವಿಡವೂ ಬೆರೆತಿವೆ, ಬೆರಕೆಯಾದುದರಿಂದಲೇ ಆ ಶೈಲಿ ‘ವೇಸರ’ವಾಯಿತು ಎಂಬ ವಿವರಣೆ ಬಹಳವಾಗಿ ಹಬ್ಬಿದೆ. ಇದು ಒಪ್ಪತಕ್ಕುದಲ್ಲ. ಮಯಮತವು ನಾಗರಕ್ಕೆ ಚೌಕ, ದ್ರಾವಿಡಕ್ಕೆ ಎಂಟು ಮೂಲೆ, ವೇಸರಕ್ಕೆ ವೃತ್ತ ಎಂದು ಆಕಾರದಿಂದ ಭೇದವೆಣಿಸುತ್ತದೆ. ಹೊಳಲಿನ ಅಮೃತೇಶ್ವರ ಗುಡಿಯ ಶಾಸನವೂ ನಾಗರ, ಕಳಿಂಗ, ದ್ರಾವಿಡಗಳ ಸಾಲಿನಲ್ಲಿಯೇ ವೇಸರವನ್ನು ನಿಲ್ಲಿಸಿದೆ.

ಉಪಮೆಯಾಗಿಯೂ ಆ ಮಾತು ನಿಲ್ಲದು. ಹೇಸರಗತ್ತೆ ಸಾಮಾನ್ಯವಾಗಿ ಬಂಜೆ. ಕಲ್ಯಾಣದ ಶಿಲ್ಪಪರಂಪರೆಗೆ ಹೊಯ್ಸಳರ ನಾಡಿನಲ್ಲಿಯೂ ಕಾಕತೀಯರ ನಾಡಿನಲ್ಲಿಯೂ ಸಂತಾನವಿದೆ. ಅದರ ಮೊದಲ ಫಲಗಳಲ್ಲಿ ಅತ್ತಿಮಬ್ಬೆಯು 1007ರಲ್ಲಿ ಲಕ್ಕುಂಡಿಯಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯವೂ ಒಂದು. ಬಸವಕಲ್ಯಾಣದ ಬಳಿಯ ನಾರಾಯಣಪುರದ ಶಿವಾಲಯವನ್ನು ನೋಡಬೇಕು. ಹುಮನಾಬಾದ ತಾಲೂಕಿನ ಜಲಸಂಗಿಯ ಗುಡಿಯ ಗೋಡೆಯಲ್ಲಿ, ಬೆನ್ನು ತಿರುಗಿಸಿ ನಿಂತು ಆರನೆಯ ವಿಕ್ರಮಾದಿತ್ಯನ ಪ್ರಶಸ್ತಿಯನ್ನು ಬರೆಯುತ್ತಿರುವ ಶಾಸನಸುಂದರಿಯನ್ನು ನೋಡಬೇಕು. ಎರವಲು ತಂದು ಬೆರೆಸಿದವರ ಕೈಯಲ್ಲ ಅದು. ಇಂತಹ ಗುಡಿಗಳನ್ನು ರಾಜಧಾನಿಯ ಹೆಸರಿನಿಂದ ಕಲ್ಯಾಣ ಚಾಲುಕ್ಯ ಶೈಲಿಯವೆಂದು ಕರೆಯುವುದೇ ಲೇಸು. ವೇಸರವು ಶಿಲ್ಪಶಾಸ್ತ್ರದ ವೃತ್ತಕ್ಕಿರಲಿ, ಹೇಸರವು ಹೊರೆ ಹೊರುವ ಆ ಬಡಪ್ರಾಣಿಗಿರಲಿ.