ಅಪ್ಪ ಅಳಿಸಿದ್ದನ್ನು ನಾನು ವಾಪಸ್ ತಂದೆ

ಮೊದಲೇ ಹೇಳಿಬಿಡ್ತೀನಿ, ಈ ಕಥೆಯಲ್ಲಿ ತಪ್ಪು ನನ್ನದೇ. ಇಂಜಿನಿಯರಿಂಗ್ ಓದಿ, ಆರು ವರ್ಷದಿಂದ ಸಾಫ್ಟ್‌ವೇರ್ ಬರೆದೇ ಹೊಟ್ಟೆ ಹೊರೆಯುತ್ತಿರುವವನು ನಾನು. ಆಫೀಸಿನಲ್ಲಿ "ಬ್ಯಾಕಪ್ ತಗೊಂಡ್ರಾ?" ಅಂತ ದಿನಕ್ಕೆ ನಾಲ್ಕು ಸಲ ಬೇರೆಯವರ ಪ್ರಾಣ ತಿನ್ನುವವನು. ಅಂಥವನು ಅಪ್ಪನ ಏಳು ವರ್ಷದ ಕಾಗದಗಳನ್ನು ಹತ್ತು ನಿಮಿಷದಲ್ಲಿ ಒರೆಸಿ ಹಾಕಿದೆ.

ಆಗಿದ್ದಿಷ್ಟು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಸಿಗುತ್ತಿದ್ದ ಮಾಮೂಲಿ ಬೆಂಬಲ ಮುಗಿಯಿತು. ಮರುವಾರ ದೀಪಾವಳಿ. ಅಪ್ಪನ ಕಂಪ್ಯೂಟರಿಗೆ ವಿಂಡೋಸ್ 11 ಹಾಕಿಯೇ ಬರೋದು ಅಂತ ಪೆನ್ ಡ್ರೈವ್ ಜೇಬಿನಲ್ಲಿಟ್ಟುಕೊಂಡು ಸಾಗರದ ಬಸ್ ಹತ್ತಿದ್ದೆ. ಇದ್ದದ್ದರ ಮೇಲೆಯೇ ಅಪ್‌ಗ್ರೇಡ್ ಮಾಡಬಹುದಿತ್ತು, ಫೈಲುಗಳೆಲ್ಲ ಹಾಗೇ ಉಳಿಯುತ್ತಿದ್ದವು. ಆದರೆ ನನಗೆ ಮಡಿ ಜಾಸ್ತಿ! ಡಾಕ್ಯುಮೆಂಟ್ಸ್, ಫೋಟೋ, ಡೆಸ್ಕ್‌ಟಾಪ್ ಮೂರನ್ನೂ ಕಾಪಿ ಮಾಡಿಕೊಂಡು ಸಿ ಡ್ರೈವ್ ಫಾರ್ಮ್ಯಾಟ್ ಮಾಡಿದೆ.

ಸಂಜೆ ಅಪ್ಪ ಕನ್ನಡಕ ಏರಿಸಿಕೊಂಡು ಕೂತವರು ಕೇಳಿದ್ದು ಒಂದೇ ಪ್ರಶ್ನೆ. "ಇದರಲ್ಲಿ ಚಿಕ್ಕಪ್ಪನ ಕಾಗದ ಎಲ್ಲಿಟ್ಟಿದೀಯೋ?"

ನನ್ನ ಚಿಕ್ಕಪ್ಪ ನ್ಯೂಜೆರ್ಸಿಯಲ್ಲಿದ್ದರು. 2016ರಲ್ಲಿ ತೀರಿಕೊಂಡರು. ಮನೆಗೆ ಮೊದಲ ಕಂಪ್ಯೂಟರ್ ಬಂದಿದ್ದು 2003ರಲ್ಲಿ, ಅದೂ ಅವರಿಗೆ ಮೈಲ್ ಬರೆಯೋದಕ್ಕೇ ಅಂತ. 2010ರವರೆಗೂ ಅಣ್ಣ ತಮ್ಮ ಬರೆದುಕೊಂಡಿದ್ದಾರೆ, ಆಮೇಲೆ ಎಲ್ಲ ಸ್ಕೈಪು, ಫೋನು. ಆ ಹಳೇ ಮಷೀನಿನಲ್ಲಿದ್ದದ್ದು ವಿಂಡೋಸ್ ಎಕ್ಸ್‌ಪಿ, ಅದರ ಜೊತೆಗೇ ಬರುತ್ತಿದ್ದ ಔಟ್‌ಲುಕ್ ಎಕ್ಸ್‌ಪ್ರೆಸ್. ಪಾಪ್3 ಕಾಲ ಅದು. ಫೋನ್ ಲೈನ್ ಕಿರುಗುಟ್ಟಿಸಿಕೊಂಡು ಕನೆಕ್ಟ್ ಆಗಿ ಮೈಲ್ ಇಳಿಸಿಕೊಂಡರೆ ಸರ್ವರಿನಿಂದ ಅದು ಹೋಯಿತು ಅಂತಲೇ ಅರ್ಥ. 'ಸರ್ವರಿನಲ್ಲೂ ಒಂದು ಪ್ರತಿ ಬಿಡು' ಅನ್ನೋ ಆಯ್ಕೆ ಇತ್ತು, ಅದನ್ನು ನಾವಾಗಿ ಟಿಕ್ ಮಾಡಬೇಕಿತ್ತು. ಯಾರು ಮಾಡ್ತಾರೆ?

ಆಮೇಲೆ ವಿಸ್ಟಾದಲ್ಲಿ ಔಟ್‌ಲುಕ್ ಎಕ್ಸ್‌ಪ್ರೆಸ್ ಹೋಗಿ ವಿಂಡೋಸ್ ಮೈಲ್ ಬಂತು. 2009ರ ವಿಂಡೋಸ್ 7ರಲ್ಲಿ ಅದೂ ಇಲ್ಲ, ವಿಂಡೋಸ್ ಲೈವ್ ಮೈಲನ್ನು ಬೇರೆಯಾಗಿ ಹಾಕಿಕೊಳ್ಳಬೇಕು. ಅದರ ಬೆಂಬಲವೂ 2017ರ ಜನವರಿಯಲ್ಲಿ ನಿಂತಿತು. ಅಪ್ಪ ಮಾತ್ರ, ಹೊಸ ಮೈಲ್ ಬರದಿದ್ದರೂ, ಹಳೇ ಪೆಟ್ಟಿಗೆ ತೆಗೆದು ನೋಡುವ ಹಾಗೆ ಅದನ್ನೇ ತೆಗೆದು ಓದುತ್ತಿದ್ದರಂತೆ. ನನಗೆ ಗೊತ್ತೇ ಇರಲಿಲ್ಲ. ಆ ಮೈಲುಗಳಿದ್ದದ್ದು ಡಾಕ್ಯುಮೆಂಟ್ಸಿನಲ್ಲಲ್ಲ, ಆಪ್‌ಡೇಟಾ ಅನ್ನುವ ಬಚ್ಚಿಟ್ಟ ಫೋಲ್ಡರಿನಲ್ಲಿ. ಡಿಸ್ಕ್ ಎಸ್‌ಎಸ್‌ಡಿ ಬೇರೆ. ಫಾರ್ಮ್ಯಾಟ್ ಆದ ಮೇಲೆ ಟ್ರಿಮ್ ಅನ್ನುವ ವ್ಯವಸ್ಥೆಯಲ್ಲಿ ಖಾಲಿ ಜಾಗವನ್ನು ತಾನೇ ತೊಳೆದುಕೊಂಡುಬಿಡುತ್ತೆ. ಗೋರಿದರೂ ಏನೂ ಸಿಗಲಿಲ್ಲ.

ಅಪ್ಪ ಬೈಯ್ಯಲಿಲ್ಲ. ಬೈದಿದ್ದರೆ ವಾಸಿ ಇತ್ತು.

ನನ್ನ ಪುಣ್ಯ, 2003ರ ಮಷೀನಿನ ಡಬ್ಬ ಅಟ್ಟದ ಮೇಲೆ ಅಡಿಕೆ ಚೀಲದ ಹಿಂದೆ ಹಾಗೇ ಇತ್ತು. ನಮ್ಮಮ್ಮ ಏನನ್ನೂ ಎಸೆಯುವವಳಲ್ಲ. ಒಳಗಿನ 40 ಜಿಬಿ ಡಿಸ್ಕ್ ಬಿಚ್ಚಿಕೊಂಡು ಬೆಂಗಳೂರಿಗೆ ತಂದೆ. ಅಗಲ ಪಟ್ಟಿಯ ಕೇಬಲ್ಲಿನ ಐಡಿಇ ಡಿಸ್ಕು, ಈಗಿನ ಮಷೀನಿಗೆ ಚುಚ್ಚೋದಕ್ಕಾಗಲ್ಲ. ಎಸ್‌ಪಿ ರೋಡಿನಲ್ಲಿ ಯುಎಸ್‌ಬಿ ಅಡಾಪ್ಟರ್ ಹುಡುಕಿ ತಂದು ಕರೆಂಟ್ ಕೊಟ್ಟಾಗ ಗುಂಯ್ ಅಂತ ತಿರುಗಲು ಶುರುವಾಯಿತು ನೋಡಿ... ಆ ಸದ್ದಿನಷ್ಟು ಇಂಪಾದ ಸಂಗೀತ ನಾನು ಕೇಳಿಲ್ಲ :)

ಔಟ್‌ಲುಕ್ ಎಕ್ಸ್‌ಪ್ರೆಸ್ ಪ್ರತಿ ಫೋಲ್ಡರಿಗೂ ಒಂದೊಂದು ಡಿಬಿಎಕ್ಸ್ ಫೈಲ್ ಮಾಡುತ್ತಿತ್ತು. ಅದನ್ನು ಬಿಡಿ ಮೈಲುಗಳಾಗಿ ಒಡೆಯಲು ಅನ್‌ಡಿಬಿಎಕ್ಸ್ ಅನ್ನುವ ಪುಟ್ಟ ಓಪನ್ ಸೋರ್ಸ್ ಸಾಧನ ಇದೆ. ಓಡಿಸಿದೆ, ಇಎಂಎಲ್ ಫೈಲುಗಳು ಸಾಲಾಗಿ ಉದುರಿದವು. ತೆರೆದು ನೋಡಿದರೆ ಅರ್ಧಕ್ಕರ್ಧ ಬರೀ ಪೌಂಡ್ ಚಿಹ್ನೆ, ತಲೆ ಮೇಲೆ ಗೀಟು ಹಾಕಿಕೊಂಡ ಇಂಗ್ಲಿಷ್ ಅಕ್ಷರ! ಯುನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು, ಎಕ್ಸ್‌ಪಿಯಲ್ಲಿ ತುಂಗಾ ಫಾಂಟೂ ಇತ್ತು. ಆದರೆ ನಮ್ಮಪ್ಪ ಬರೆದಿದ್ದು ನುಡಿಯಲ್ಲಿ. ಅದರಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿದ್ದರು, ಆ ಫಾಂಟ್ ಇಲ್ಲದಿದ್ದರೆ ಎಲ್ಲ ಗೋಜಲು. ಪರಿವರ್ತನೆಗೆ ನಾನೇ ಒಂದು ಸ್ಕ್ರಿಪ್ಟ್ ಬರೆದೆ. ಮೊದಲ ಸಲ 'ವರ್ಷ' ಎಲ್ಲ 'ವಷರ್' ಆಗಿ ಬಂತು. ಅರ್ಕಾವತ್ತು ಕಣ್ಣಿಗೆ ಕಾಣೋ ಜಾಗದಲ್ಲೇ ಕೂತಿರುತ್ತೆ, ಯುನಿಕೋಡಿನಲ್ಲಿ ಅದನ್ನು ಎತ್ತಿ ಮುಂದಕ್ಕೆ ಹಾಕಬೇಕು. ಒಂದು ಭಾನುವಾರ ಪೂರ್ತಿ ಅದಕ್ಕೇ ಹೋಯಿತು.

ಮೊದಲು ಸರಿಯಾಗಿ ಓದಲಿಕ್ಕೆ ಬಂದದ್ದು ಅಪ್ಪ ಕಳಿಸಿದ್ದು. "ಅಮ್ಮ ಹೇಳಿದ್ದು ಹೇಳಿದ ಹಾಗೇ ಬರೀತಿದೀನಿ. ಅಲ್ಲಿ ಹಲಸಿನ ಹಪ್ಪಳ ಸುಡೋದಕ್ಕೆ ಕೆಂಡ ಸಿಗುತ್ತಾ ಅಂತ ಕೇಳ್ತಿದಾಳೆ." ನನ್ನ ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ಅವಳ ಮಾತು ಎಲ್ಲಾದರೂ ಅಕ್ಷರದಲ್ಲಿ ಉಳಿದಿದ್ದರೆ ಅದು ಈ ಡಿಸ್ಕಿನಲ್ಲಿ ಮಾತ್ರ.

ಇಲ್ಲಿಗೇ ನಿಲ್ಲಿಸಬೇಕಿತ್ತು. ಆದರೆ ಆ ಸಾಧನಕ್ಕೆ ರಿಕವರಿ ಅಂತ ಇನ್ನೊಂದು ದಾರಿ ಇದೆ. ಔಟ್‌ಲುಕ್ ಎಕ್ಸ್‌ಪ್ರೆಸ್ಸಿನಲ್ಲಿ ಅಳಿಸಿದ ಮೈಲ್ ತಕ್ಷಣ ಹೋಗುವುದಿಲ್ಲ. ಫೈಲನ್ನು ಕಾಂಪ್ಯಾಕ್ಟ್ ಮಾಡುವ ತನಕ ಅದರ ತುಣುಕುಗಳು ಒಳಗೇ ಬಿದ್ದಿರುತ್ತವೆ. ಇರೋ ಕುತೂಹಲಕ್ಕೆ ಅದನ್ನೂ ಓಡಿಸಿದೆ. ಅಲ್ಲಲ್ಲಿ ಅಕ್ಷರ ಹಾರಿದ ಹನ್ನೊಂದು ಮೈಲು ಎದ್ದು ಬಂದವು. ಎಲ್ಲ 2006ರವು, ಎಲ್ಲ ಚಿಕ್ಕಪ್ಪ ಬರೆದವು. ಅಡಿಕೆ ತೋಟದ ಪಾಲಿನ ವಿಷಯ. ಎರಡನೆಯದರಲ್ಲೇ "ಅಣ್ಣ" ಹೋಗಿ "ನೀವು" ಬಂದಿತ್ತು. ಏನು ಬರೆದಿದ್ದರು ಅಂತ ಇಲ್ಲಿ ಹೇಳಲ್ಲ.

ಎಲ್ಲವನ್ನೂ ಪೆನ್ ಡ್ರೈವಿಗೆ ಹಾಕಿ ಸಂಕ್ರಾಂತಿಗೆ ಊರಿಗೆ ತಗೊಂಡು ಹೋದೆ, ಅದೇನೋ ಸಾಧಿಸಿದವನ ಹಾಗೆ. ಅಪ್ಪ ಒಂದೊಂದೇ ನೋಡುತ್ತಾ ಹೋದವರು ಆ ಹನ್ನೊಂದರ ಹತ್ತಿರ ನಿಂತರು.

"ಇದೆಲ್ಲಿಂದ ಬಂತು?"

"ಡಿಲೀಟ್ ಆಗಿತ್ತು ಅಪ್ಪ, ಅದನ್ನೂ ರಿಕವರ್ ಮಾಡಿದೆ."

"ಆಗಿದ್ದಲ್ಲ ಕಣೋ. ನಾನೇ ಮಾಡಿದ್ದು."

ಅಷ್ಟೇ. ಎದ್ದು ಕೊಟ್ಟಿಗೆ ಕಡೆ ಹೋದರು.

ನಮ್ಮ ಕಸುಬಿನಲ್ಲಿ ರಿಕವರಿ ಅಂದರೆ ಒಂದೇ ಅಳತೆ, ಎಷ್ಟು ಜಾಸ್ತಿ ಸಿಕ್ಕಿತು ಅಂತ. ಕಳೆದು ಹೋದದ್ದು ಬೇರೆ, ಬೇಡ ಅಂತ ತೆಗೆದದ್ದು ಬೇರೆ ಅನ್ನುವ ವ್ಯತ್ಯಾಸ ಆ ಸಾಧನಕ್ಕೆ ಗೊತ್ತಾಗಲ್ಲ. ಅದು ತಪ್ಪಲ್ಲ, ಅದಕ್ಕೆ ಗೊತ್ತಾಗಬೇಕಾಗಿಯೂ ಇಲ್ಲ. ನನಗೆ ಗೊತ್ತಾಗಬೇಕಿತ್ತು. ತಮ್ಮನ ಜೊತೆ ರಾಜಿಯಾದ ಮೇಲೆ ಅಪ್ಪ ಕೂತು ಆ ಹನ್ನೊಂದನ್ನು ಆರಿಸಿ ಆರಿಸಿ ತೆಗೆದಿದ್ದರು. ಅದನ್ನು ನಾನು ಡೇಟಾ ಲಾಸ್ ಅಂದುಕೊಂಡೆ. ಕಾಗದದ ಕಾಲದಲ್ಲಾಗಿದ್ದರೆ ಬಚ್ಚಲ ಒಲೆಗೆ ಹಾಕುತ್ತಿದ್ದರು. ಬೂದಿ ಕೆದಕಿ ಓದುವ ಮಗನನ್ನು ಯಾರೂ ಜಾಣ ಅನ್ನುತ್ತಿರಲಿಲ್ಲ.

"ಇತಿಹಾಸ ಅಂದ ಮೇಲೆ ಜಗಳವೂ ಸೇರಿ ತಾನೆ?" ಅಂತ ನೀವು ಕೇಳಬಹುದು. ನನ್ನ ರೂಮ್‌ಮೇಟೂ ಇದನ್ನೇ ಕೇಳಿದ. ಈ ಪ್ರಶ್ನೆ ನಿಜವಾಗಿ ಚುಚ್ಚಿದ್ದು ಚಿಕ್ಕಪ್ಪನ ಮಗಳು ಫೋನ್ ಮಾಡಿದಾಗ. ಅವರ ಮನೆಯಲ್ಲಿ ಅಪ್ಪನ ಕನ್ನಡದ ಬರಹ ಒಂದೂ ಉಳಿದಿಲ್ಲವಂತೆ. "ಇರೋದೆಲ್ಲಾ ಕಳಿಸ್ತೀಯೇನೋ ಅಣ್ಣಾ" ಅಂದಳು. ಇರೋದೆಲ್ಲಾ ಅಂದರೆ ಎಷ್ಟು? ಆ ಹನ್ನೊಂದನ್ನು ಬರೆದದ್ದು ಅವಳಪ್ಪ. ಅಳಿಸಿದ್ದು ನನ್ನಪ್ಪ. ನಾನು ಅಪ್ಪ ಉಳಿಸಿಕೊಂಡಿದ್ದನ್ನಷ್ಟೇ ಕಳಿಸಿದೆ. ಬರೆದವರ ಹತ್ತಿರವೇ ಪ್ರತಿ ಉಳಿದಿದ್ದರೆ ಅದು ಅವಳ ಪಾಲು. ನಮ್ಮನೆ ಪೆಟ್ಟಿಗೆಯಿಂದ ಏನು ತೆಗೆಯಬೇಕು ಅನ್ನೋದು ಪೆಟ್ಟಿಗೆಯವರ ಮಾತು ಅಂತ ನನಗೆ ಅನಿಸಿತು, ಈಗಲೂ ಅನಿಸುತ್ತೆ. ಆದರೆ ಅವಳಿಗೆ "ಇಷ್ಟೇ ಇರೋದು" ಅಂತ ಸುಳ್ಳು ಹೇಳಲಿಲ್ಲ. "ಅಪ್ಪ ಇಟ್ಟುಕೊಂಡಿದ್ದು ಇಷ್ಟು" ಅಂದೆ. ಅವಳು ಮುಂದೆ ಕೇಳಲಿಲ್ಲ.

ಬಿಡಿ ಇಎಂಎಲ್ ಫೈಲುಗಳನ್ನು ವರ್ಷಕ್ಕೊಂದು ಫೋಲ್ಡರ್ ಮಾಡಿ ಡಾಕ್ಯುಮೆಂಟ್ಸಿನಲ್ಲೇ ಇಟ್ಟಿದೀನಿ. ಯಾವ ಪ್ರೋಗ್ರಾಮ್ ಹೋದರೂ ನೋಟ್‌ಪ್ಯಾಡಿನಲ್ಲಿ ತೆರೆದರೆ ಏನಿದೆ ಅಂತ ಗೊತ್ತಾಗುತ್ತೆ. ನುಡಿಯವಕ್ಕೆ ಪಕ್ಕದಲ್ಲೇ ಯುನಿಕೋಡ್ ಪ್ರತಿ ಇದೆ. ನೀವೂ ಅಪ್ಪ ಅಮ್ಮನ ಮಷೀನಿಗೆ ಕೈ ಹಾಕುವ ಮೊದಲು, ಇದರಲ್ಲಿ ಏನೇನು ನೋಡ್ತೀರಿ ಅಂತ ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ. ಪಟ್ಟಿ ಮಾಡೋದಕ್ಕೆ ಹತ್ತು ನಿಮಿಷ ಸಾಕು, ನನಗೆ ಒರೆಸೋದಕ್ಕೆ ಬೇಕಾಗಿದ್ದೂ ಅಷ್ಟೇ.

ಹನ್ನೊಂದನ್ನು ಅಪ್ಪನ ಎದುರಿಗೇ ಮತ್ತೆ ಅಳಿಸಿದೆ. 40 ಜಿಬಿ ಡಿಸ್ಕ್ ಮಾತ್ರ ಅಟ್ಟಕ್ಕೆ ವಾಪಸ್ ಹೋಗಿದೆ, ಅವೆಲ್ಲ ಅದರಲ್ಲಿ ಇನ್ನೂ ಹಾಗೇ ಇವೆ. ಏನು ಮಾಡೋಣ ಅಂತ ಕೇಳಿದೆ. "ಇರಲಿ ಬಿಡು, ನೋಡೋಣ" ಅಂದರು ಅಪ್ಪ.