ಗಾಳಿ ಬಿಟ್ಟರೆ ರಾಶಿ ಆಗಲ್ಲ

"ಗಾಳಿಯ ಪ್ರತಿರೋಧವನ್ನು ನಿರ್ಲಕ್ಷಿಸಿ." ಪಿಯುಸಿಯಿಂದ ಈ ಒಂದು ಸಾಲು ನಮ್ಮ ಬೆನ್ನು ಹತ್ತಿದೆ. ಕಲ್ಲು ಎಸೆದರೂ ನಿರ್ಲಕ್ಷಿಸಿ, ಬಾಂಬ್ ಹಾಕಿದರೂ ನಿರ್ಲಕ್ಷಿಸಿ, ವಿಮಾನದಿಂದ ಪೊಟ್ಟಣ ಬಿಟ್ಟರೂ ನಿರ್ಲಕ್ಷಿಸಿ. ಎಂಜಿನಿಯರಿಂಗ್‌ಗೆ ಬಂದ ಮೇಲಾದರೂ ಗಾಳಿಗೆ ಸ್ವಲ್ಪ ಮರ್ಯಾದೆ ಸಿಗುತ್ತೆ ಅಂದುಕೊಂಡಿದ್ದೆ. ಸಿಗಲಿಲ್ಲ. ಫಸ್ಟ್ ಸೆಮ್ ಇಂಟರ್ನಲ್ಸ್‌ನಲ್ಲಿ ಬೀಳುವ ವಸ್ತುವಿನ ಪ್ರಶ್ನೆಗೆ ಗಾಳಿಯನ್ನೂ ಸೇರಿಸಿ ಉತ್ತರ ಬರೆದೆ. "ಕೇಳಿದ್ದಷ್ಟು ಬರಿ" ಅಂತ ಎರಡು ಮಾರ್ಕ್ಸ್ ಹೋಯಿತು. ಆ ಸಿಟ್ಟು ಈ ಲೇಖನದಲ್ಲಿ ಇಲ್ಲ ಅಂತ ಹೇಳಿದರೆ ಸುಳ್ಳಾಗುತ್ತೆ.

ನಮ್ಮೂರು ನೀರಮಾನ್ವಿ ಕಡೆ. ಯಲ್ಲಮ್ಮನ ಜಾತ್ರೆಯಿಂದ ಹೆಸರು ಕೇಳಿರುತ್ತೀರಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಮಾನ್ವಿ, ಸಿಂಧನೂರು ಕಡೆಯೆಲ್ಲ ನೆಲ್ಲು. ಕಣದಲ್ಲಿ ರಾಶಿ ಮಾಡುವಾಗ ತಾತ ಬಂಡಿ ಮೇಲೆ ನಿಂತು, ಬುಟ್ಟಿ ಎತ್ತಿ ಹಿಡಿದು ಸುಮ್ಮನೆ ನಿಂತುಬಿಡುತ್ತಿದ್ದ. "ಯಾಕ ತಾತ, ತೂರಂಗಿಲ್ಲೇನು?" ಅಂದರೆ, "ಗಾಳಿ ಬರ್ಲಿ ತಡಿಯೋ ತಮ್ಮಾ" ಅನ್ನುತ್ತಿದ್ದ. ಗಾಳಿ ಬಂದಾಗ ತೂರಿಕೋ ಅನ್ನೋ ಗಾದೆಯನ್ನ ನಾವು ಈಗ ಪ್ಲೇಸ್‌ಮೆಂಟ್ ಬಗ್ಗೆ ಹೇಳೋಕೆ ಬಳಸ್ತೀವಿ. ತಾತನಿಗೆ ಅದು ಗಾದೆ ಅಲ್ಲ, ಕೆಲಸ.

ಅಲ್ಲಿ ಆಗುತ್ತಿದ್ದುದನ್ನು ಲೆಕ್ಕದಲ್ಲಿ ನೋಡೋಣ. ಗಾಳಿಯ ತಡೆ, ಅಂದರೆ ಡ್ರ್ಯಾಗ್, ನಾಲ್ಕು ವಿಷಯಗಳ ಮೇಲೆ ನಿಂತಿದೆ: ಗಾಳಿಯ ಸಾಂದ್ರತೆ, ವಸ್ತು ಗಾಳಿಗೆ ಒಡ್ಡುವ ಅಗಲ, ಅದರ ಆಕಾರ ಮತ್ತು ವೇಗದ ವರ್ಗ. ಮುಂದೆ ಗಾಳಿ ಒತ್ತುತ್ತದೆ, ಹಿಂದೆ ಸುಳಿ ಎದ್ದು ಒತ್ತಡ ಕಮ್ಮಿ ಆಗುತ್ತದೆ, ಎರಡೂ ಸೇರಿ ವಸ್ತುವನ್ನು ಹಿಂದಕ್ಕೆ ಜಗ್ಗುತ್ತವೆ. ಗಮನಿಸಿ, ಈ ಪಟ್ಟಿಯಲ್ಲಿ ತೂಕ ಇಲ್ಲ. ರಾಶಿಯ ಗುಟ್ಟು ಇರೋದೇ ಅಲ್ಲಿ. ಜೊಳ್ಳಿಗೂ ಗಟ್ಟಿ ಕಾಳಿಗೂ ಹೊರಗಿನ ಸಿಪ್ಪೆ ಒಂದೇ. ಅಗಲ ಹೆಚ್ಚುಕಮ್ಮಿ ಅಷ್ಟೇ, ಆಕಾರ ಅದೇ. ಹಾಗಾಗಿ ಬೀಸುವ ಗಾಳಿ ಎರಡನ್ನೂ ಒಂದೇ ಬಲದಿಂದ ತಳ್ಳುತ್ತದೆ. ಆದರೆ ನೆಲ್ಲಿನ ತೂಕದಲ್ಲಿ ಸಿಪ್ಪೆಯ ಪಾಲು ಸುಮಾರು 20 ಶೇಕಡ. ಒಳಗೆ ಅಕ್ಕಿ ಇಲ್ಲದ ಜೊಳ್ಳು ಗಟ್ಟಿ ಕಾಳಿನ ಐದನೇ ಒಂದು ಭಾಗದಷ್ಟು ತೂಗುತ್ತದೆ. ಬಲ ಒಂದೇ, ತೂಕ ಐದರಲ್ಲೊಂದು ಅಂದರೆ ಪಕ್ಕಕ್ಕೆ ಸಿಗುವ ವೇಗೋತ್ಕರ್ಷ ಐದು ಪಟ್ಟು. ಕಾಳು ಕಾಲ ಬುಡದಲ್ಲಿ ಗುಡ್ಡೆ ಆಗುತ್ತದೆ, ಜೊಳ್ಳು ದೂರ ಹಾರುತ್ತದೆ.

ಈಗ ಪ್ರಶ್ನೆಪತ್ರಿಕೆ ಹೇಳಿದ ಹಾಗೆ ಗಾಳಿಯನ್ನು ತೆಗೆದುಬಿಡಿ. 2 ಮೀಟರ್ ಎತ್ತರದಿಂದ ಬಿಟ್ಟ ಕಾಳು, ಜೊಳ್ಳು, ಹುಲ್ಲಿನ ಚೂರು ಎಲ್ಲವೂ 0.64 ಸೆಕೆಂಡಿಗೆ ಒಂದೇ ಜಾಗಕ್ಕೆ ಬೀಳುತ್ತವೆ. 1971ರಲ್ಲಿ ಅಪೊಲೊ 15ರ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ಸುತ್ತಿಗೆ, ಗರಿ ಎರಡನ್ನೂ ಬಿಟ್ಟು ತೋರಿಸಿದ್ದು ಇದನ್ನೇ. ಗೆಲಿಲಿಯೋ ಗೆದ್ದ, ಸರಿ. ಆದರೆ ಚಂದ್ರನ ಮೇಲೆ ರಾಶಿ ಮಾಡಕ್ಕಾಗಲ್ಲ.

ಇದು ಹಳೇ ಕಾಲದ ಮಾತು, ಈಗ ಯಾರು ತೂರ್ತಾರೆ ಅನ್ನಬಹುದು. ಈಗ ಕಂಬೈನ್ ಹಾರ್ವೆಸ್ಟರ್ ಬರುತ್ತೆ, ನಿಜ. ಅದರ ಹೊಟ್ಟೆಯೊಳಗೂ ಇರೋದು ಒಂದು ಫ್ಯಾನು. ತಾತ ಕಾಯುತ್ತಿದ್ದ ಗಾಳಿಯನ್ನೇ ಅದು ಹುಟ್ಟಿಸುತ್ತದೆ. ಬೀಳುವ ವಸ್ತುವಿನ ಮೇಲಿನ ಡ್ರ್ಯಾಗ್ ಅದರ ತೂಕಕ್ಕೆ ಸಮ ಆದಾಗಿನ ವೇಗವೇ ಟರ್ಮಿನಲ್ ವೆಲಾಸಿಟಿ. ಅದು ತೂಕದ ವರ್ಗಮೂಲದ ಜೊತೆ ಏರುತ್ತದೆ, ಆದ್ದರಿಂದ ಜೊಳ್ಳಿನದು ಕಾಳಿನದಕ್ಕಿಂತ ಅರ್ಧಕ್ಕೂ ಕಮ್ಮಿ. ಫ್ಯಾನಿನ ಗಾಳಿ ಈ ಎರಡರ ನಡುವೆ ನಿಲ್ಲಬೇಕು. ಜಾಸ್ತಿ ಆದರೆ ಗಟ್ಟಿ ಕಾಳೇ ಹಿಂದಿನಿಂದ ಹಾರಿ ಹೊಲಕ್ಕೆ ಬೀಳುತ್ತೆ. ಕಮ್ಮಿ ಆದರೆ ಜೊಳ್ಳು ಚೀಲಕ್ಕೆ ಬರುತ್ತೆ, ವ್ಯಾಪಾರಿ ರೇಟು ಇಳಿಸ್ತಾನೆ. ಎರಡರಲ್ಲೂ ಹೋಗೋದು ರೈತನ ದುಡ್ಡು. ಸೋನಾ ಮಸೂರಿಯಂಥ ಸಣ್ಣ ಕಾಳಿಗೆ, ದಪ್ಪ ಕಾಳಿಗೆ ಇಟ್ಟ ಗಾಳಿ ಇಟ್ಟರೆ ನಷ್ಟ. ಬೆಳಿಗ್ಗೆ ಮಂಜಿಗೆ ನೆನೆದ ಹೊಟ್ಟಿಗೆ ಒಂದು ಗಾಳಿ, ಮಧ್ಯಾಹ್ನ ಗರಿಗರಿ ಒಣಗಿದ ಹೊಟ್ಟಿಗೆ ಇನ್ನೊಂದು. ನಮ್ಮ ಹೊಲಕ್ಕೆ ಬಂದಿದ್ದ ಡ್ರೈವರ್ ಅಣ್ಣ ಹಿಂದೆ ಬಿದ್ದ ಹುಲ್ಲನ್ನ ಅಂಗೈಯಲ್ಲಿ ಉಜ್ಜಿ, ಕಾಳು ಎಣಿಸಿ, ಫ್ಯಾನ್ ತಿರುಗಿಸುತ್ತಿದ್ದ. ಅವನು ಗಾಳಿಯನ್ನು ನಿರ್ಲಕ್ಷಿಸಿರಲಿಲ್ಲ. ಮೆಕ್ಯಾನಿಕಲ್ ಓದ್ತಿರೋ ನಾನು ಪಕ್ಕದಲ್ಲಿ ನಿಂತು ಬಾಯಿ ಬಿಟ್ಟುಕೊಂಡು ನೋಡ್ತಿದ್ದೆ.

ಎಲ್ಲ ಕಡೆ ಗಾಳಿಯನ್ನು ಎಳೆದು ತನ್ನಿ ಅಂತ ನನ್ನ ವಾದ ಅಲ್ಲ. ಒಂದು ಮಹಡಿಯಿಂದ ಬೀಳುವ ಕಬ್ಬಿಣದ ನಟ್‌ಗೆ ಗಾಳಿ ಬಿಟ್ಟರೂ ಉತ್ತರ ಕೆಡಲ್ಲ. ಹುಲ್ಲು ಹೇರಿಕೊಂಡು ಗಂಟೆಗೆ 20 ಕಿಲೋಮೀಟರ್‌ನಲ್ಲಿ ಹೋಗೋ ಟ್ರ್ಯಾಕ್ಟರ್, ನೋಡೋಕೆ ಮನೆಯಷ್ಟು ಅಗಲ ಇದ್ದರೂ, ಗಾಳಿಗಿಂತ ರಸ್ತೆಗೇ ಹೆಚ್ಚು ಶಕ್ತಿ ಕೊಡುತ್ತದೆ. ಅದೇ ರಾಯಚೂರು ರೋಡಲ್ಲಿ ನೀವು ಬೈಕನ್ನ 40ರಿಂದ 80ಕ್ಕೆ ಏರಿಸಿದರೆ ಡ್ರ್ಯಾಗ್ ನಾಲ್ಕು ಪಟ್ಟು, ಅದನ್ನು ಗೆಲ್ಲೋಕೆ ಬೇಕಾದ ಪವರ್ ಎಂಟು ಪಟ್ಟು. ಇನ್ನು ಮಳೆಹನಿ. ಒಂದು ಕಿಲೋಮೀಟರ್ ಮೇಲಿಂದ ಗಾಳಿ ಇಲ್ಲದೆ ಬಿದ್ದರೆ ಅದು ಗಂಟೆಗೆ 500 ಕಿಲೋಮೀಟರ್ ವೇಗದಲ್ಲಿ ತಲೆಗೆ ಬಡಿಯಬೇಕು. 2 ಮಿಲಿಮೀಟರ್ ಹನಿ ನಿಜವಾಗಿ ಬೀಳೋದು ಸೆಕೆಂಡಿಗೆ ಆರೂವರೆ ಮೀಟರ್ ಆಸುಪಾಸಿನಲ್ಲಿ. ಎಲ್ಲಿ ಬಿಡಬಹುದು, ಎಲ್ಲಿ ಬಿಡಬಾರದು ಅನ್ನೋದನ್ನ ಲೆಕ್ಕ ಹಾಕಿ ತೀರ್ಮಾನಿಸೋದೇ ಎಂಜಿನಿಯರ್ ಕೆಲಸ. ನಮಗೆ ಆ ತೀರ್ಮಾನವನ್ನ ಪ್ರಶ್ನೆಯ ಮೊದಲ ಸಾಲಿನಲ್ಲೇ ಮಾಡಿ ಕೊಟ್ಟುಬಿಡ್ತಾರೆ.

"ಸಮೀಕರಣ ಕಷ್ಟ ಆಗುತ್ತೆ" ಅನ್ನೋ ಉತ್ತರ ಮೊದಲು ಸರಿಯಿತ್ತು. ಈಗ ಎಲ್ಲರೂ ಪೈಥಾನ್ ಕಲೀತೀವಿ. ಸಮಯವನ್ನ ಸಣ್ಣ ಸಣ್ಣ ತುಂಡು ಮಾಡಿ, ಪ್ರತಿ ತುಂಡಿಗೂ ಬಲ, ವೇಗ, ದೂರ ಲೆಕ್ಕ ಹಾಕುವ ಪ್ರೋಗ್ರಾಮ್ 20 ಸಾಲು ದಾಟಲ್ಲ. ಲ್ಯಾಬ್‌ಗೆ ದೊಡ್ಡ ಖರ್ಚೂ ಬೇಡ. ಬೆಂಗಳೂರಿನ ಎನ್‌ಎಎಲ್‌ನಲ್ಲಿ 1967ರಿಂದ ಇರುವ 1.2 ಮೀಟರ್ ವಿಂಡ್ ಟನಲ್‌ನಂಥದ್ದನ್ನ, ತೇಜಸ್, ಇಸ್ರೋ ರಾಕೆಟ್ ಮಾದರಿಗಳನ್ನು ಪರೀಕ್ಷಿಸಿದಂಥದ್ದನ್ನ, ಯಾರೂ ಕೇಳ್ತಿಲ್ಲ. ಒಂದು ಟೇಬಲ್ ಫ್ಯಾನು, ಒಂದು ಅಳತೆ ಪಟ್ಟಿ, ಸ್ಲೋ ಮೋಷನ್ ಇರೋ ಒಂದು ಮೊಬೈಲು ಸಾಕು. ಒಂದು ಕೈಯಲ್ಲಿ ಗಟ್ಟಿ ಕಾಳು, ಇನ್ನೊಂದರಲ್ಲಿ ಜೊಳ್ಳು ಬಿಡೋದು, ಎಷ್ಟು ದೂರ ಬಿತ್ತು ಅಳೆಯೋದು, ಪ್ರೋಗ್ರಾಮ್ ಕೊಟ್ಟ ಉತ್ತರದ ಜೊತೆ ಹೋಲಿಸೋದು. ಹೊಂದಲಿಲ್ಲ ಅಂದರೆ ಇನ್ನೂ ಒಳ್ಳೇದು, ವೈವಾದಲ್ಲಿ ಮಾತಾಡೋಕೆ ಏನಾದರೂ ಇರುತ್ತೆ.

ಮುಂದಿನ ಸೆಮಿಸ್ಟರ್‌ಗೆ ಇದನ್ನ ಲ್ಯಾಬ್ ಪಟ್ಟಿಗೆ ಸೇರಿಸಿ ಅಂತ ವಿಭಾಗಕ್ಕೆ ಒಂದು ಅರ್ಜಿ ಬರೆದಿದ್ದೀನಿ, ಸಹಿ ಹಾಕೋರು ಕನ್ನಡ ಸಂಘದ ರೂಮಿಗೆ ಬನ್ನಿ. ಎರಡು ಕಿಲೋ ಜೊಳ್ಳು ಊರಿಂದ ನಾನೇ ತರ್ತೀನಿ.